ಸಹಾಯ ಬೇಕು: ಕಾರವಾರದಲ್ಲಿ ಒಳ್ಳೆ ಮೀನೂಟ ಎಲ್ಲಿ?

ಕಾರವಾರದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಆಗಸ್ಟ್ ಕೊನೆಗೆ ಅಪ್ಪ, ಅಮ್ಮನ ಜೊತೆ ಬೆಂಗಳೂರಿಂದ ರೈಲಲ್ಲಿ ಬರುತ್ತಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಅದು ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ಮೇಲೇ ಹೋಗೋಣ ಅಂತ ಅಪ್ಪನದೇ ಹಟ.

ನಮಗೆ ಎಸಿ ರೂಮು, ದೊಡ್ಡ ಮೆನು ಏನೂ ಬೇಡ. ಮಧ್ಯಾಹ್ನದ ಮೀನೂಟ ಚೆನ್ನಾಗಿರಬೇಕು, ಅಷ್ಟೇ. ಬಂಗುಡೆ ಸಾರಿಗೆ ಜುಮ್ಮನಕಾಯಿ ಜಜ್ಜಿ ಹಾಕುತ್ತಾರಲ್ಲ, ತಟ್ಟೆ ಮುಂದೆ ಬರುವ ಮೊದಲೇ ಅದರ ಘಮ ಬರುತ್ತದೆ, ನಾಲಿಗೆ ಸ್ವಲ್ಪ ಜುಮ್ ಅನ್ನುತ್ತದೆ, ಅಂಥ ಸಾರು ಈಗಲೂ ಮಾಡುವ ಖಾನಾವಳಿ ಯಾವುದು? ಅಮ್ಮನಿಗೆ ತಿಸರೆ (ಚಿಪ್ಪುಮೀನು) ಸುಕ್ಕ ಅಂದರೆ ಪ್ರಾಣ. ಕಾಳಿ ನದಿ ಕಡಲು ಸೇರುವ ಕಡೆ ತೆಗೆದ ತಾಜಾ ತಿಸರೆ ಆದರೆ ಇನ್ನೂ ಖುಷಿ. ಜೊತೆಗೆ ಕೋಕಂ ಹುಳಿಯ ಸೋಲ್ ಕಡಿ, ಪುಡಿಯಿಂದ ಮಾಡಿದ್ದಲ್ಲ, ತೆಂಗಿನ ಹಾಲು ಹಿಂಡಿ ಮಾಡಿದ್ದು.

ಅಮೃತ್ ಹೋಟೆಲ್ ಹೆಸರು ತುಂಬಾ ಜನ ಹೇಳುತ್ತಾರೆ. ಅಲ್ಲಿ ಊಟಕ್ಕೆ ಹೋಗೋದು ಒಳ್ಳೆಯದಾ, ರಾತ್ರಿ ಫ್ರೈ ತಿನ್ನೋಕೆ ಹೋಗೋದು ಒಳ್ಳೆಯದಾ? ಸದಾಶಿವಗಡದ ಕಡೆ ಸಣ್ಣ ಜಾಗ ಇದ್ದರೂ ತಿಳಿಸಿ. ಮಾರ್ಕೆಟ್‌ನಲ್ಲಿ ನಾವೇ ಇಸ್ವಣ (ಅಂಜಲ್ ಮೀನು) ಕೊಂಡು ಕೊಟ್ಟರೆ ರವಾ ಫ್ರೈ ಮಾಡಿಕೊಡುವವರು ಇದ್ದಾರಾ? ಅಪ್ಪನಿಗೆ ಬಿಪಿ ಇದೆ, ಉಪ್ಪು ಕಡಿಮೆ ಹಾಕಿ ಅಂದರೆ ಬೇಜಾರು ಮಾಡಿಕೊಳ್ಳದವರಾದರೆ ಒಳ್ಳೆಯದು.