ಪದಚರ್ಚೆ: ಚಿತ್ರಪುಸ್ತಕ ನೋಡುವ ಮಕ್ಕಳ ‘ವೀಕ್ಷಣೆ’ಗೆ ನಮ್ಮ ಮಾತು ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಧಾರವಾಡದ ನಮ್ಮ ಓಣಿಯಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಪುಸ್ತಕದ ಕೋಣೆ ನಡೆಸುತ್ತಿದ್ದೇವೆ. ಮೂರರಿಂದ ಆರು ವರ್ಷದ ಮಕ್ಕಳು ಬರುತ್ತಾರೆ, ಜೊತೆಗೆ ಅವ್ವನೋ ಅಜ್ಜಿಯೋ ಇರುತ್ತಾರೆ. ಅಲ್ಲಿರುವುದು ಬಹುಪಾಲು ಚಿತ್ರಪುಸ್ತಕಗಳು. ಇವನ್ನು ಮಕ್ಕಳ ಜೊತೆ ಕೂತು ಹೇಗೆ ನೋಡಬೇಕು ಅಂತ ದೊಡ್ಡವರಿಗಾಗಿ ಎರಡು ಪುಟದ ಕೈಪಿಡಿ ಬರೆಯಲು ಹೊರಟಿದ್ದೇವೆ. ಕೆಲಸ ಮೊದಲ ಸಾಲಿನಲ್ಲೇ ನಿಂತಿದೆ. ‘ಈ ಪುಸ್ತಕಗಳು ಮಕ್ಕಳ ವೀಕ್ಷಣಾ ಕೌಶಲವನ್ನು ಬೆಳೆಸುತ್ತವೆ’ ಅಂತ ನಮ್ಮಲ್ಲೊಬ್ಬರು ಬರೆದರು. ಓದಿ ಹೇಳಿದಾಗ ಅಲ್ಲೇ ಕೂತಿದ್ದ ಅಜ್ಜಿಯೊಬ್ಬರು, ‘ವೀಕ್ಷಣಾ ಅಂದ್ರ ಟಿ.ವಿ. ನೋಡೂದಲ್ಲೇನ್ರಿ?’ ಅಂತ ಕೇಳಿದರು.

ಅವರು ಕೇಳಿದ್ದು ಸರಿಯಾಗಿಯೇ ಇದೆ. ಇವತ್ತು ವೀಕ್ಷಕರು ಅಂದರೆ ಟಿ.ವಿ. ಮುಂದೆ ಕೂತವರು. ವೀಕ್ಷಕ ವಿವರಣೆ ಅಂದರೆ ಕ್ರಿಕೆಟ್. ಚುನಾವಣೆ ಬಂದರೆ ಹೊರಗಿನಿಂದ ವೀಕ್ಷಕರು ಬರುತ್ತಾರೆ. ವಿಜ್ಞಾನದ ಪಾಠದಲ್ಲಿ ಪ್ರಯೋಗದ ಕೆಳಗೆ ‘ವೀಕ್ಷಣೆ’ ಅಂತ ಬರೆಯುವುದು ಬೇರೆ ಮಾತು, ಅಲ್ಲಿ ಅದಕ್ಕೆ ಜಾಗ ಇದೆ. ಆದರೆ ನಾಲ್ಕು ವರ್ಷದ ಕೂಸು ಬೋರಲು ಮಲಗಿ, ಪುಟದ ಮೂಲೆಯಲ್ಲಿರುವ ಇರುವೆಗೆ ಬೆರಳಿಟ್ಟು ನೋಡುತ್ತಿರುವುದಕ್ಕೆ ವೀಕ್ಷಣೆ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಬೇರೆ ಪದಗಳನ್ನೂ ತಿರುವಿ ನೋಡಿದೆವು. ಮರಾಠಿಯಲ್ಲಿ ಇದಕ್ಕೆ ‘ನಿರೀಕ್ಷಣ’ ಅನ್ನುತ್ತಾರೆ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಕಡೆಗೆ ಆ ಅರ್ಥ ಹೊಸದಲ್ಲ. ಆದರೆ ಈಗಿನ ಕನ್ನಡದಲ್ಲಿ ನಿರೀಕ್ಷೆ ಅಂದರೆ ಕಾಯುವುದು, ಎದುರು ನೋಡುವುದು. ನಿರೀಕ್ಷಣಾ ಜಾಮೀನು ಅಂತ ಕೋರ್ಟಿನವರೂ ಆ ಪದವನ್ನು ತಮ್ಮ ಕಡೆ ಎಳೆದುಕೊಂಡಿದ್ದಾರೆ. ಅದೇ ಬೇರಿನ ‘ನಿರುಕಿಸು’ ಹಳೆಯ ಕಾವ್ಯಗಳಲ್ಲಿದೆ, ಕಿವಿಗೆ ಚೆನ್ನಾಗಿದೆ, ಆದರೆ ಆಡುವವರು ಯಾರೂ ಇಲ್ಲ. ಅವಲೋಕನ ಅಂದರೆ ವರ್ಷದ ಕೊನೆಗೆ ಪತ್ರಿಕೆಯವರು ಮಾಡುವ ಕೆಲಸ. ದಿಟ್ಟಿಸು ಅಂದರೆ ಒಂದೇ ಕಡೆ ಕಣ್ಣು ನೆಡುವುದು, ಮಕ್ಕಳ ಕಣ್ಣು ಪುಟದ ತುಂಬ ಓಡಾಡುತ್ತಿರುತ್ತದೆ. ಇವುಗಳಲ್ಲಿ ‘ಗಮನಿಸು’ ವಾಸಿ. ದೊಡ್ಡವರಿಗೆ ಹೇಳುವಾಗ ಅದನ್ನೇ ಇಟ್ಟುಕೊಳ್ಳಬಹುದು. ಆದರೂ ‘ಪ್ರಯಾಣಿಕರ ಗಮನಕ್ಕೆ’ ಅನ್ನುವ ಸ್ವರ ಅದರಲ್ಲಿ ಸ್ವಲ್ಪ ಉಳಿದೇ ಇರುತ್ತದೆ.

ಇನ್ನು ನಮ್ಮ ಸೀಮೆಯ ಮಾತುಗಳು. ಇಲ್ಲಿ ನಿಮ್ಮೆಲ್ಲರ ಸಹಾಯ ಜಾಸ್ತಿ ಬೇಕು.

ಮೊದಲು ‘ಲಕ್ಷ’. ಲಕ್ಷ ಕೊಟ್ಟು ನೋಡು, ಲಕ್ಷಗೊಟ್ಟು ಕೇಳು. ಹುಬ್ಬಳ್ಳಿ-ಧಾರವಾಡದಲ್ಲಿ ದಿನಾ ಕೇಳುವ ಮಾತು. ತೊಂದರೆ ಏನೆಂದರೆ ಮಕ್ಕಳು ಇದನ್ನು ಬೈಗುಳದ ಜೊತೆಗೇ ಕೇಳಿರುತ್ತಾರೆ. ‘ನಿನ್ನ ಲಕ್ಷ ಎಲ್ಲೈತಿ?’ ಅಂದರೆ ಮುಂದೆ ಏನೋ ಕಾದಿದೆ ಅಂತ ಅವರಿಗೆ ಗೊತ್ತು. ‘ಧ್ಯಾಸ’ ಇದಕ್ಕಿಂತ ಮೆತ್ತಗಿನ ಮಾತು. ಪುಸ್ತಕ ಹಿಡಿದ ಹುಡುಗನಿಗೆ ಊಟದ ಧ್ಯಾಸವೂ ಇಲ್ಲ ಅನ್ನುತ್ತೇವೆ. ಆದರೆ ಅದು ಮನಸ್ಸಿನ ಮಾತು, ಕಣ್ಣಿನದಲ್ಲ.

‘ನೆದರು’ ನನಗೆ ತುಂಬ ಇಷ್ಟ. ನಜರ್ ಅನ್ನುವುದು ನಮ್ಮ ಬಾಯಲ್ಲಿ ನದರು, ನೆದರು ಆಗಿದೆ. ನೆದರಿಗೆ ಬಿತ್ತು, ನೆದರು ತಪ್ಪಿಸಿ ಹೋದ, ಅವನ ಮೇಲೆ ಒಂದು ನೆದರು ಇಟ್ಟಿರು. ಎಷ್ಟು ಚುರುಕಾದ ಪದ ನೋಡಿ. ಚಿಕ್ಕದೊಂದು ವಸ್ತು ತಾನಾಗಿ ಬಂದು ಕಣ್ಣಿಗೆ ಬೀಳುವುದನ್ನು ಇಷ್ಟು ಚೊಕ್ಕವಾಗಿ ಹೇಳುವ ಪದ ಇನ್ನೊಂದು ನನಗೆ ಹೊಳೆಯುತ್ತಿಲ್ಲ. ಆದರೆ ಮಕ್ಕಳ ಹತ್ತಿರ ಬಂದಾಗ ಇದರ ಅರ್ಥವೇ ತಿರುಗುತ್ತದೆ. ‘ಕೂಸಿಗೆ ನೆದರಾಗೇದ’ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ‘ನಿಮ್ಮ ಮಗುವಿನ ನೆದರು ಬೆಳೆಸಿ’ ಅಂತ ಕೈಪಿಡಿಯಲ್ಲಿ ಬರೆದರೆ ಅಜ್ಜಿಯರು ಗಾಬರಿಯಾಗುತ್ತಾರೆ.

ಈಗ ಈ ಪುಸ್ತಕಗಳಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಒಂದು ಪುಟದ ಮಟ್ಟಿಗೆ ಹೇಳುತ್ತೇನೆ. ಅದನ್ನು ಬಿಟ್ಟು ಪದ ಹುಡುಕಿದರೆ ಪ್ರಯೋಜನ ಇಲ್ಲ. ಒಂದು ಪುಸ್ತಕದಲ್ಲಿ ಬಸ್‌ಸ್ಟ್ಯಾಂಡಿನ ಚಿತ್ರ ಇದೆ. ಕೆಳಗೆ ಅಚ್ಚಾಗಿರುವುದು ‘ಅಜ್ಜನ ಊರಿಗೆ ಹೊರಟೆವು, ಬಸ್ಸು ಬಂತು’ ಅನ್ನುವಷ್ಟೇ. ಚಿತ್ರದಲ್ಲಿ ಶೇಂಗಾ ಮಾರುವವನಿದ್ದಾನೆ, ಪೇಪರಿನಲ್ಲಿ ಮುಖ ಮುಚ್ಚಿಕೊಂಡವರು ಇದ್ದಾರೆ, ಬೆಂಚಿನ ಕೆಳಗೆ ನೆರಳಿನಲ್ಲಿ ಒಂದು ನಾಯಿ. ಅದರ ಬಾಯಲ್ಲಿ ಪುಟ್ಟ ಚಪ್ಪಲಿ. ಮುಂದಿನ ಪುಟದಲ್ಲಿ ಹುಡುಗ ಬಸ್ಸಿನ ಸೀಟಿನ ಮೇಲೆ ಕೂತಿದ್ದಾನೆ, ಒಂದು ಕಾಲು ಬರಿಗಾಲು. ಬರೆದ ಮಾತಿನಲ್ಲಿ ಚಪ್ಪಲಿಯ ಸುದ್ದಿಯೇ ಇಲ್ಲ. ಓದಿ ಹೇಳುತ್ತಿದ್ದ ಅವ್ವ ಪುಟ ತಿರುಗಿಸಲು ಹೋದರು. ಮಗಳು ಅವರ ಕೈ ಹಿಡಿದು ‘ತಡಿ, ತಡಿ’ ಅಂದಳು. ತಾನೇ ಹಿಂದಿನ ಪುಟಕ್ಕೆ ಹೋಗಿ ಬೆಂಚಿನ ಕೆಳಗೆ ಬೆರಳಿಟ್ಟಳು. ‘ಇಂವನ ಚಪ್ಪಲ್ ನಾಯಿ ಒಯ್ದದ.’ ಮತ್ತೆ ಮುಂದಿನ ಪುಟಕ್ಕೆ ಬಂದು ಹುಡುಗನ ಮುಖ ನೋಡಿ, ‘ಅದಕ್ಕ ಅಳೂಹಂಗ ಕಾಣ್ತಾನ’ ಅಂದಳು.

ಅವ್ವನಿಗೆ ನಾಯಿ ಕಂಡಿರಲಿಲ್ಲ, ಅವರ ಕಣ್ಣು ಅಕ್ಷರದ ಮೇಲಿತ್ತು. ಇದು ಎಲ್ಲ ಕಡೆಯೂ ಹೀಗೇ. ಓದಲು ಬಾರದ ಮಕ್ಕಳಿಗೆ ಕತೆ ಓದಿ ಹೇಳುವಾಗ ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಕೆನಡಾದ ಇಬ್ಬರು ಸಂಶೋಧಕರು ಯಂತ್ರ ಇಟ್ಟು ಅಳೆದು 2005ರಲ್ಲಿ ಪ್ರಕಟಿಸಿದರು. ನಾಲ್ಕೈದು ವರ್ಷದ ಆ ಮಕ್ಕಳು ಅಕ್ಷರದ ಕಡೆ ನೋಡಿದ್ದು ತೀರಾ ಕಡಿಮೆ, ಕಣ್ಣೆಲ್ಲ ಚಿತ್ರದ ಮೇಲೆಯೇ. ಅಂದರೆ ಒಂದೇ ಪುಟ ತೆರೆದಿದ್ದರೂ ದೊಡ್ಡವರು ಒಂದು ಪುಸ್ತಕ ಓದುತ್ತಿರುತ್ತಾರೆ, ಮಗು ಇನ್ನೊಂದನ್ನು ಓದುತ್ತಿರುತ್ತದೆ. ಒಳ್ಳೆಯ ಚಿತ್ರಕಾರರಿಗೆ ಇದು ಗೊತ್ತಿರುತ್ತದೆ. ಅದಕ್ಕೇ ಚಪ್ಪಲಿಯನ್ನು ಮಾತಿನಲ್ಲಿ ಹೇಳದೆ ಚಿತ್ರದಲ್ಲಿ ಇಡುತ್ತಾರೆ.

ಆ ಹುಡುಗಿ ಆಡಿದ ‘ಕಾಣ್ತಾನ’ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ವಾದ ಅದರ ಮೇಲೆಯೇ ನಿಂತಿದೆ. ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನೋಡುವುದು ನಾವು ಮಾಡುವ ಕೆಲಸ: ನಾನು ನೋಡಿದೆ. ಕಾಣುವುದು ನಮಗೆ ಆಗುವಂಥದ್ದು: ನನಗೆ ಕಂಡಿತು. ‘ನೋಡಿದೆ, ಆದರೆ ಕಾಣಲಿಲ್ಲ’ ಅಂತ ನಾವೆಲ್ಲ ಸಲೀಸಾಗಿ ಅನ್ನುತ್ತೇವೆ. ಚಿತ್ರಪುಸ್ತಕ ಮಗುವಿಗೆ ಕಲಿಸುವುದು ನೋಡುವುದರಿಂದ ಕಾಣುವವರೆಗಿನ ಆ ದಾರಿಯನ್ನೇ. ಇನ್ನೂ ಒಂದು ವಿಷಯ ಇದೆ. ‘ಮಳಿ ಬರ್ತದ ಅಂತ ಕಾಣ್ತದ’ ಅನ್ನುತ್ತೇವಲ್ಲ, ಅಲ್ಲಿ ಕಾಣು ಅಂದರೆ ಊಹೆ. ಮೋಡ ಕಂಡಿತು, ಮಳೆ ಬರುವ ಹಾಗೆ ಕಂಡಿತು. ಕಣ್ಣಿಗೆ ಬಿದ್ದದ್ದಕ್ಕೂ, ಅದರಿಂದ ತಿಳಿದದ್ದಕ್ಕೂ ಒಂದೇ ಪದ. ಮಕ್ಕಳ ಗಮನಿಸುವ ಶಕ್ತಿ ಅಂತ ನಾವು ಹೇಳಲು ಒದ್ದಾಡುತ್ತಿರುವುದು ಈ ಎರಡೂ ಸೇರಿದ್ದು. ಬರಿಗಾಲು ಕಾಣಬೇಕು, ಅಳು ಬರುವ ಹಾಗಿದೆ ಅಂತಲೂ ಕಾಣಬೇಕು.

ಹಾಗಾಗಿ ಮಕ್ಕಳಿಗೆ ಕೇಳುವ ಪ್ರಶ್ನೆಯಲ್ಲಿ ‘ಗುರುತಿಸು’ ಬೇಡ ಅಂತ ನನ್ನ ಅಭಿಪ್ರಾಯ. ‘ಚಿತ್ರದಲ್ಲಿರುವ ಪ್ರಾಣಿಗಳನ್ನು ಗುರುತಿಸಿ’ ಅಂದ ಕೂಡಲೇ ಅದು ಪರೀಕ್ಷೆ. ಮಗು ನಾಯಿ, ಕಾಗೆ ಅಂತ ಹೆಸರು ಒಪ್ಪಿಸಿ ನಮ್ಮ ಮುಖ ನೋಡುತ್ತದೆ. ನಾಯಿಯ ಬಾಯಲ್ಲಿ ಏನಿದೆ ಅಂತ ನೋಡುವ ಗೊಡವೆಗೆ ಹೋಗುವುದಿಲ್ಲ. ‘ಹುಡುಕು’ ಆಟಕ್ಕೆ ಒಳ್ಳೆಯದು, ಆದರೆ ಏನು ಹುಡುಕಬೇಕು ಅಂತ ಮೊದಲೇ ನಾವು ತೀರ್ಮಾನಿಸಿರುತ್ತೇವೆ. ‘ಏನೇನು ಕಾಣ್ತದ?’ ಅಂದರೆ ತೀರ್ಮಾನ ಮಗುವಿನದು.

ಅಮೆರಿಕದಲ್ಲಿ ಅಬಿಗೇಲ್ ಹೌಸನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ನ್ಯೂಯಾರ್ಕಿನ ಕಲಾ ಮ್ಯೂಸಿಯಂ ಒಂದರಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ಫಿಲಿಪ್ ಯೆನವೈನ್ ಸೇರಿ, ಚಿತ್ರ ನೋಡಿಸುವ ಒಂದು ವಿಧಾನ ರೂಪಿಸಿದರು. ಅದರಲ್ಲಿ ಮುಖ್ಯವಾಗಿ ಕೇಳುವುದು ಮೂರೇ ಪ್ರಶ್ನೆ. ಕೈಪಿಡಿಗೆ ಅವನ್ನು ತರುವಾಗ ಮೊದಲು ಗ್ರಂಥಸ್ಥ ಕನ್ನಡದಲ್ಲಿ ಬರೆದೆವು, ಬಿಗಿಯಾಯಿತು. ಆಮೇಲೆ ಮನೆಯ ಮಾತಿನಲ್ಲೇ ಬರೆದೆವು. ‘ಈ ಚಿತ್ರದಾಗ ಏನ್ ನಡದದ?’ ‘ಏನ್ ನೋಡಿ ಹಂಗ ಅಂದಿ?’ ‘ಇನ್ನೂ ಏನೇನ್ ಕಾಣ್ತದ?’ ನೋಡು, ಕಾಣು ಎರಡೂ ತಂತಮ್ಮ ಜಾಗದಲ್ಲಿ ಬಂದು ಕೂತವು. ಎರಡನೆಯ ಪ್ರಶ್ನೆಯೇ ಇದರ ಜೀವ. ಮಗು ‘ಇಂವಾ ಅಳ್ತಾನ’ ಅಂದರೆ ಸರಿ, ತಪ್ಪು ಅನ್ನದೆ, ಏನು ನೋಡಿ ಹಾಗೆ ಅಂದೆ ಅಂತ ಕೇಳುವುದು. ಆಗ ಮಗು ಮತ್ತೆ ಪುಟಕ್ಕೆ ಹೋಗುತ್ತದೆ. ಈ ಪ್ರಶ್ನೆಯನ್ನು ಗದರಿಕೆಯ ಸ್ವರದಲ್ಲಿ ಕೇಳಬಾರದು ಅಂತ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ಕ್ರಿಯಾಪದ ಸಿಕ್ಕಿತು, ನಾಮಪದ ಸಿಗುತ್ತಿಲ್ಲ. ಕಾಣು ಇಂದ ‘ಕಾಣಿಕೆ’ ಅಂದರೆ ಮಠದ ಹುಂಡಿಗೆ ಹೋಗುತ್ತದೆ. ‘ಕಾಣ್ಕೆ’ ಅಂದರೆ ದರ್ಶನ, ಒಳನೋಟ; ಅದು ಸಾಹಿತ್ಯದವರ ಪದ, ಅಲ್ಲಿ ಅದರ ಭಾರ ಬೇರೆ. ‘ಕಾಣುವಿಕೆ’ಯನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನನ್ನ ಸಲಹೆ ಇಷ್ಟು: ನಾಮಪದದ ಬೆನ್ನು ಹತ್ತದೆ ‘ಕಣ್ಣು ಪಳಗಿಸುವ ಪುಸ್ತಕ’ ಅಂದರೆ ಹೇಗೆ? ಪಳಗಿದ ಕೈ ಅನ್ನುವುದು ಎಲ್ಲರಿಗೂ ಗೊತ್ತು. ಪಳಗಿದ ಕಣ್ಣು ಅನ್ನುವುದನ್ನು ನಾನು ಕಸೂತಿ ಹಾಕುವವರ ಬಾಯಲ್ಲಿ ಕೇಳಿದ್ದೇನೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ಹೊಸದಾಗಿ ಕಲಿಯಲು ಬಂದ ಹುಡುಗಿಗೆ ಎಳೆ ತಪ್ಪಿದಾಗ ‘ಕಣ್ಣು ಪಳಗೂತನಕ ಹಿಂಗs’ ಅಂತ ಹಿರಿಯರು ಸಮಾಧಾನ ಹೇಳುತ್ತಿದ್ದರು. ಮಕ್ಕಳ ವಿಷಯದಲ್ಲೂ ಇದು ಸಲ್ಲುತ್ತದೆ ಅಂತ ನನಗೆ ಅನಿಸುತ್ತದೆ. ಬಳಗದಲ್ಲಿ ಒಬ್ಬರಿಗೆ ಖಾಸಗಿಯಾಗಿ ಬರೆದಾಗ, ಪಳಗಿಸುವುದು ಅಂದರೆ ಆನೆ, ಕುದುರೆ ನೆನಪಾಗುತ್ತದೆ, ಮಗುವಿನ ಜೊತೆ ಬೇಡ ಅಂದರು. ಆ ಆಕ್ಷೇಪಕ್ಕೆ ಬೆಲೆ ಇದೆ. ‘ಪಳಗುವ’ ಅಂದರೆ ಆ ದೋಷ ಕಡಿಮೆಯಾಗುತ್ತದೆಯೇ? ಕಣ್ಣು ತಾನಾಗಿ ಪಳಗುತ್ತದೆ, ಪುಸ್ತಕ ಸುಮ್ನೆ ಜೊತೆಗಿರುತ್ತದೆ.

ಇನ್ನೊಂದು ಪದವೂ ಬೇಕು. ಪುಟದ ತುಂಬ ನೂರಾರು ಜನ, ಗಾಡಿ, ಅಂಗಡಿ, ಪ್ರಾಣಿ ತುಂಬಿ, ಪ್ರತಿ ಮೂಲೆಯಲ್ಲೂ ಒಂದೊಂದು ಕತೆ ನಡೆಯುವ ದೊಡ್ಡ ಪುಸ್ತಕಗಳಿವೆ. ಜರ್ಮನರು ಇದಕ್ಕೆ ವಿಮೆಲ್‌ಬುಖ್ ಅನ್ನುತ್ತಾರೆ. ವಿಮೆಲ್ನ್ ಅಂದರೆ ಗಿಜಿಗುಡುವುದು, ಬುಖ್ ಅಂದರೆ ಪುಸ್ತಕ. ಇಂಥ ಚಿತ್ರಗಳ ಮುತ್ತಜ್ಜ ಅಂತ ಹೇಳುವುದು ಬ್ರೂಗೆಲ್ ಎಂಬ ಚಿತ್ರಕಾರ 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರವನ್ನು. ಈಗ ಅದು ವಿಯೆನ್ನಾದಲ್ಲಿದೆ. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳು. ಗಾಲಿ ಓಡಿಸುವವರು, ಬುಗುರಿ ಆಡಿಸುವವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು. ಅದರ ಒಂದು ಅಚ್ಚಿನ ಪ್ರತಿಯನ್ನು ನಮ್ಮ ಕೋಣೆಯಲ್ಲಿ ಹರಡಿದರೆ ಅಜ್ಜಂದಿರೂ ಬಗ್ಗಿ ನೋಡುತ್ತಾರೆ.

ಇದಕ್ಕೆ ‘ಜಾತ್ರೆ ಪುಸ್ತಕ’ ಅನ್ನೋಣ ಅಂತ ನನ್ನ ಮನಸ್ಸು. ಎಲ್ಲಿ ಗದ್ದಲ ಕಂಡರೂ ‘ಏನ್ ಜಾತ್ರಿ ಆಗೇತಿ’ ಅನ್ನುವವರು ನಾವು. ಶಿವರಾತ್ರಿ ಮುಗಿದ ಮೇಲೆ ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವರಿಗೆ ಗೊತ್ತು, ಮಗುವಿಗೆ ತೇರು ಎಷ್ಟು ಕಾಣುತ್ತದೋ ಬೆಂಡು-ಬತ್ತಾಸು, ಬಲೂನು, ಯಾರದೋ ಜಡೆಗೆ ಸಿಕ್ಕಿಕೊಂಡ ರಿಬ್ಬನ್ನೂ ಅಷ್ಟೇ ಕಾಣುತ್ತವೆ. ಈ ಪುಸ್ತಕಗಳ ಗುಣವೂ ಅದೇ. ‘ಗಿಜಿಗಿಜಿ ಪುಸ್ತಕ’ ಅಂತ ಮತ್ತೊಬ್ಬರ ಸಲಹೆ. ಮಕ್ಕಳಿಗೆ ಹೇಳಲು ಖುಷಿ ಕೊಡುವ ಪದ, ಆದರೆ ಅದರಲ್ಲಿ ಸ್ವಲ್ಪ ಬೇಸರದ ವಾಸನೆ ಇದೆ.

ಈಗ ನಿಮ್ಮಿಂದ ತಿಳಿಯಬೇಕಾದದ್ದು. ಕುಂದಾಪುರದ ಕಡೆ ‘ಕಾಣಿ’ ಅಂದರೇ ನೋಡಿ ಅಂತ ಅರ್ಥ. ಹಾಗಾದರೆ ನಾನು ಹೇಳಿದ ನೋಡು-ಕಾಣು ಭೇದವನ್ನು ಅಲ್ಲಿಯವರು ಹೇಗೆ ಹೇಳುತ್ತಾರೆ? ‘ನೋಡಿದೆ, ಕಾಣಲಿಲ್ಲ’ ಅನ್ನುವುದಕ್ಕೆ ಅಲ್ಲಿನ ವಾಕ್ಯ ಏನು? ಹಾವೇರಿ, ರಾಣೆಬೆನ್ನೂರು ಕಡೆಯವರು ನೆದರು ಪದವನ್ನು ಮಕ್ಕಳ ಬಗ್ಗೆ ಒಳ್ಳೆಯ ಅರ್ಥದಲ್ಲಿ ಬಳಸುವುದನ್ನು ಕೇಳಿದ್ದೀರಾ? ‘ಈ ಹುಡುಗನ ನೆದರು ಚಲೋ ಐತಿ’ ಅನ್ನುವಂಥ ಮಾತು ಇದ್ದರೆ ನನ್ನ ಹಿಂಜರಿಕೆ ಬಿಟ್ಟು ಅದನ್ನೇ ಹಾಕಿಬಿಡುತ್ತೇನೆ. ಗದಗ-ಬೆಟಗೇರಿಯಲ್ಲಿ ನೇಯ್ಗೆ ಮನೆಗಳಲ್ಲಿ ಬೆಳೆದವರು ಯಾರಾದರೂ ಇದ್ದರೆ, ಎಳೆ ಹರಿದದ್ದನ್ನು ಥಟ್ಟನೆ ಕಾಣುವವರಿಗೆ ಅಲ್ಲಿ ಏನಾದರೂ ಬೇರೆ ಮಾತಿದೆಯೇ ಅಂತ ತಿಳಿಸಿ.

ಪದ ಕಳಿಸುವಾಗ ಬರೀ ಪದ ಬೇಡ, ದಯವಿಟ್ಟು ಇಡೀ ವಾಕ್ಯ ಬರೆಯಿರಿ. ಯಾರು ಯಾರಿಗೆ, ಯಾವ ಕೆಲಸದ ನಡುವೆ ಹೇಳಿದ್ದು ಅಂತಲೂ ಇರಲಿ. ಪ್ರೀತಿಯಿಂದ ಹೇಳಿದ್ದೋ ಬೈದು ಹೇಳಿದ್ದೋ ಅನ್ನುವುದು ನಮಗೆ ಪದದಷ್ಟೇ ಮುಖ್ಯ.