ಸಹಾಯ ಬೇಕು: ಒಂದೇ ವರ್ಷ ಎರಡು ಕಪ್, ಕ್ವಿಜ್ ಪ್ರಶ್ನೆ ಹೇಗೆ ಬರೆಯಲಿ?

ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಕ್ವಿಜ್‌ಗೆ ಈ ಸಲ ಕ್ರೀಡೆಯ ರೌಂಡ್ ನನ್ನ ತಲೆಗೆ ಬಂದಿದೆ. ಕ್ರಿಕೆಟ್ ಬಿಟ್ಟು ಬೇರೆ ಏನಾದರೂ ಕೇಳೋಣ ಅಂತ ಹೀಗೆ ಬರೆದೆ: "1914ರಲ್ಲಿ ಅಮೆರಿಕದ ಫುಟ್‌ಬಾಲ್ ಕಪ್ ಗೆದ್ದ ತಂಡ ಯಾವುದು?"

ನನ್ನ ಉತ್ತರ ಬ್ರೂಕ್ಲಿನ್ ಫೀಲ್ಡ್ ಕ್ಲಬ್. ಅದೇ ವರ್ಷ ಮೇ ತಿಂಗಳಲ್ಲಿ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ನಡೆದ ಫೈನಲ್‌ನಲ್ಲಿ ಬ್ರೂಕ್ಲಿನ್ ಸೆಲ್ಟಿಕ್ ತಂಡವನ್ನು 2-1ರಿಂದ ಸೋಲಿಸಿ ಮೊದಲ ನ್ಯಾಷನಲ್ ಚಾಲೆಂಜ್ ಕಪ್ ಗೆದ್ದವರು ಇವರೇ. ಆದರೆ 1885ರಿಂದಲೇ ಅಮೆರಿಕನ್ ಕಪ್ ಅಂತ ಇನ್ನೊಂದು ನಾಕೌಟ್ ಟೂರ್ನಿಯೂ ಇತ್ತು. 1914ರಲ್ಲಿ ಅದನ್ನು ಗೆದ್ದದ್ದು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನ ಉಕ್ಕಿನ ಕಾರ್ಖಾನೆ ತಂಡ. (ಏಸು ಹುಟ್ಟಿದ ಊರಲ್ಲ!) ಅಲ್ಲಿಗೆ ಎರಡೂ ಉತ್ತರ ಸರಿ. ಜಗಳ ಗ್ಯಾರಂಟಿ.

"ಈಗಿನ ಯು.ಎಸ್. ಓಪನ್ ಕಪ್" (ನ್ಯಾಷನಲ್ ಚಾಲೆಂಜ್ ಕಪ್‌ನ ಈಗಿನ ಹೆಸರು) ಅಂತ ಬದಲಿಸಿ ಮನೆಯವರಿಗೆ ಓದಿದೆ. ಮಗಳು ತಕ್ಷಣ "ಟೆನಿಸ್ಸಾ ಅಪ್ಪಾ?" ಅಂದಳು. ವಿಸ್ಕಿ ವ್ಯಾಪಾರಿ ಥಾಮಸ್ ಡ್ಯೂವರ್ ಕೊಟ್ಟ ಟ್ರೋಫಿ ಅಂತ ಹಾಕಿದರೆ ಹೆಂಡತಿ, "ಮಕ್ಕಳ ಮುಂದೆ ವಿಸ್ಕಿ ಯಾಕೆ ಬೇಕು" ಅಂತ ಹೊಡೆದು ಹಾಕಿದಳು. ಫುಟ್‌ಬಾಲ್ ಬದಲು ಸಾಕರ್ ಅಂದರೂ ಕಪ್ ಯಾವುದು ಅನ್ನೋ ಗೊಂದಲ ಹಾಗೇ ಉಳಿಯುತ್ತೆ.

ಬ್ರೂಕ್ಲಿನ್ ಒಂದೇ ಉತ್ತರ ಬರುವ ಹಾಗೆ, ಎರಡು ಸಾಲು ಮೀರದೆ, ಈ ಪ್ರಶ್ನೆಯನ್ನು ಕನ್ನಡದಲ್ಲಿ ಹೇಗೆ ಬರೆಯಬಹುದು?