ಪ್ರಶ್ನೋತ್ತರ: ಮಾಯದ ಗಾಯಕ್ಕೆ ಜಿಂಕ್ ಮಾತ್ರೆ ನುಂಗಿದ್ರೆ ಸಾಕಾ?

ಪ್ರಶ್ನೆ (ಮುಳಬಾಗಿಲು ಕಡೆಯ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ನಮ್ಮ ಮಾವನವರಿಗೆ 62 ವರ್ಷ, ಶುಗರ್ ಇದೆ. ಟೊಮೆಟೊ ತೋಟದಲ್ಲಿ ನೀಲಗಿರಿ ಕಡ್ಡಿ ಚುಚ್ಚಿ ಅಂಗಾಲಲ್ಲಿ ಆದ ಗಾಯ, ಒಂದೂವರೆ ತಿಂಗಳಾದ್ರೂ ಮಾಯ್ತಿಲ್ಲ. ಮೆಡಿಕಲ್ ಸ್ಟೋರಲ್ಲಿ 50 ಮಿಲಿಗ್ರಾಂ ಜಿಂಕ್ ಮಾತ್ರೆ ಕೊಟ್ಟು, ಒಣಗೋವರೆಗೂ ದಿನಾ ತಗೊಳ್ಳಿ ಅಂದ್ರು. ಅತ್ತೆ ನಂಜಾಗುತ್ತೆ ಅಂತ ಮೊಟ್ಟೆ, ಕೋಳಿ, ಮೀನು, ಕಡ್ಲೆಬೀಜ ಎಲ್ಲ ನಿಲ್ಲಿಸಿದ್ದಾರೆ. ಬರೀ ಮುದ್ದೆ, ತಿಳಿಸಾರು.

ಉತ್ತರ (ವೈದ್ಯರು): ಅಮ್ಮಾ, ಮಾತ್ರೆಯಲ್ಲಿ ಕೊಡ್ತಿರೋದನ್ನೇ ತಟ್ಟೆಯಿಂದ ತೆಗೆದುಬಿಟ್ಟಿದ್ದೀರಿ! ಗಾಯದ ಅಂಚಿನಲ್ಲಿ ಹೊಸ ಜೀವಕೋಶ ಹುಟ್ಟೋಕೂ, ಸತ್ತ ಅಂಶವನ್ನು ಕರಗಿಸೋ ಕಿಣ್ವಗಳಿಗೂ ಜಿಂಕ್ ಬೇಕು. ಹೊಸ ಚರ್ಮಕ್ಕೆ ಬಲ ಕೊಡೋದು ಕೊಲಾಜನ್ ಅನ್ನೋ ನಾರು. ಅದರ ಎಳೆ ಹದವಾಗಿ ಹೆಣೆದುಕೊಳ್ಳೋಕೆ ಕಬ್ಬಿಣ, ವಿಟಮಿನ್ ಸಿ ಬೇಕು. ಎಳೆಗೆ ಎಳೆ ಬೆಸೆಯೋ ಲೈಸಿಲ್ ಆಕ್ಸಿಡೇಸ್ ಕಿಣ್ವ ತಾಮ್ರ ಇಲ್ದೆ ನಡೆಯಲ್ಲ. ಪ್ರೋಟೀನೇ ಇಲ್ಲದಿದ್ರೆ ಇವೆಲ್ಲ ಇದ್ದೂ ದಂಡ.

ಶುಗರ್ ಜಾಸ್ತಿ ಇದ್ದವರಿಗೆ ಮೂತ್ರದಲ್ಲಿ ಜಿಂಕ್ ಹೆಚ್ಚು ಹೋಗುತ್ತೆ, ಅದು ನಿಜ. ಆದ್ರೆ ಮಾತ್ರೆಯಿಂದ ಉಪಯೋಗ ಆಗೋದು ಮೈಯಲ್ಲಿ ಕೊರತೆ ಇದ್ದವರಿಗೆ. ಗಂಡಸರಿಗೆ ದಿನಕ್ಕೆ ಬೇಕಾದದ್ದು ಸುಮಾರು 17 ಮಿಲಿಗ್ರಾಂ, ಮೇಲಿನ ಮಿತಿ 40. ಅದನ್ನ ಮೀರಿ ತಿಂಗಳುಗಟ್ಟಲೆ ನುಂಗಿದ್ರೆ ಕರುಳು ತಾಮ್ರ ಹೀರೋದು ಕಡಿಮೆಯಾಗಿ ರಕ್ತಹೀನತೆ ಬರಬಹುದು. "ಒಣಗೋವರೆಗೂ" ಅನ್ನೋದು ಒಂದು ಲೆಕ್ಕವಾ?

ಮುದ್ದೆ ಬಿಡಬೇಡಿ, ಅಳತೆಯಲ್ಲಿರಲಿ. ರಾಗಿಯಲ್ಲಿರೋ ಫೈಟೇಟ್ ಅನ್ನೋ ಅಂಶ ಜಿಂಕನ್ನ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತೆ. ರಾಗಿ ಮೊಳಕೆ ಕಟ್ಟಿದ್ರೆ ಫೈಟೇಟ್ ಇಳಿಯುತ್ತೆ. ಮೊಳಕೆ ಹುರುಳಿ ಸಾರು, ಮೊಟ್ಟೆ, ಒಂದು ಹಿಡಿ ಕಡ್ಲೆಬೀಜ, ಸೊಪ್ಪಿಗೆ ನಿಂಬೆರಸ. ಕಿಡ್ನಿ ತೊಂದರೆ ಇದ್ರೆ ಮಾತ್ರ ಪ್ರೋಟೀನ್ ಎಷ್ಟು ಅಂತ ಅವರ ಡಾಕ್ಟರನ್ನ ಕೇಳಿ.

ಇನ್ನೊಬ್ಬರು (ಮಾಲೂರು): ಸರ್, ತಾಮ್ರದ ಚೊಂಬಲ್ಲಿ ರಾತ್ರಿ ಇಟ್ಟ ನೀರು ಕುಡಿದ್ರೆ?

ವೈದ್ಯರು: ಕುಡೀರಿ, ಗಾಯಕ್ಕೆ ಅಂತ ಬೇಡ. ಎಳ್ಳು, ಬೇಳೆಕಾಳಲ್ಲೇ ಬೇಕಾದಷ್ಟು ತಾಮ್ರ ಇದೆ. ಮಜ್ಜಿಗೆ, ನಿಂಬೆ ಪಾನಕ ಮಾತ್ರ ಅದರಲ್ಲಿ ಇಡಬೇಡಿ. ಹುಳಿಗೆ ತಾಮ್ರ ಅತಿಯಾಗಿ ಬಿಟ್ಟು ವಾಂತಿಯಾಗುತ್ತೆ.

ಪ್ರಶ್ನೆ ಕೇಳಿದವರು: ಸರ್, ಒಂದು ಮರೆತೆ. ಕಡ್ಡಿ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿಲ್ಲ, ಚಪ್ಪಲಿಯಲ್ಲಿ ರಕ್ತ ನೋಡಿದ ಮೇಲೇ ಗೊತ್ತಾಗಿದ್ದು. ಈಗ ಕಾಫಿ ಪುಡಿ ಹಾಕ್ತಿದ್ದೀವಿ.

ವೈದ್ಯರು: ಹಾಗಾದ್ರೆ ಜಿಂಕ್ ವಿಷಯ ಆಮೇಲೆ. ಪಾದ ಜೋಮು ಹಿಡಿದಿದೆ, ನರ ಸೋತಿದೆ. ನೋವಿಲ್ಲ ಅಂತ ಅದೇ ಗಾಯದ ಮೇಲೆ ನಡೀತಾರೆ, ಮಾಯದೆ ಇರೋಕೆ ಇದೇ ದೊಡ್ಡ ಕಾರಣ ಇರಬಹುದು. ಕಾಫಿ ಪುಡಿ ನಿಲ್ಲಿಸಿ, ಶುದ್ಧ ನೀರಲ್ಲಿ ತೊಳೆದು ಒಣ ಬಟ್ಟೆ ಕಟ್ಟಿ. ನಾಳೆ ಬೆಳಗ್ಗೆ ಕೋಲಾರದ ಜಿಲ್ಲಾ ಆಸ್ಪತ್ರೆಯ ಸರ್ಜರಿ ಒಪಿಡಿಗೆ ಕರ್ಕೊಂಡು ಹೋಗಿ: ರಕ್ತ ಸಂಚಾರ, ಎಕ್ಸ್-ರೇ, ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ, ಧನುರ್ವಾಯು ತಡೆಯೋ ಇಂಜೆಕ್ಷನ್ ಎಲ್ಲ ಕೇಳಿ. ಜ್ವರ, ವಾಸನೆ ಅಥವಾ ಕಪ್ಪು ಬಣ್ಣ ಕಂಡ್ರೆ ಬೆಳಗಾಗೋವರೆಗೂ ಕಾಯಬೇಡಿ.